ಇನ್ಸ್‌ಬ್ರುಕ್‌ನ ಹಳೆಯ ಪೇಟೆಯಲ್ಲಿ ಗೈಡ್ ಹಿಂದೆ ಒಂದು ಗಂಟೆ

ಮೊದಲ ದಿನ ತಮ್ಮನೂ ನಾನೂ ಗೈಡ್ ಇಲ್ಲದೆಯೇ ಹೊರಟೆವು. ಆಸ್ಟ್ರಿಯಾದ ಇನ್ಸ್‌ಬ್ರುಕ್‌ನ ಹಳೆಯ ಪೇಟೆ ಬಹಳ ಪುಟ್ಟದು. ಮೊಬೈಲ್ ನಕ್ಷೆ ಹಿಡಿದು ಈ ತುದಿಯಿಂದ ಆ ತುದಿಗೆ ಇಪ್ಪತ್ತು ನಿಮಿಷದಲ್ಲಿ ನಡೆದು ಮುಗಿಸಿ, ಇನ್ ನದಿಯ ದಂಡೆಯಲ್ಲಿ ಬೆಂಚು ಹಿಡಿದು ಕುಳಿತೆವು. "ಇಷ್ಟೇ ಏನು, ಅಕ್ಕಾ?" ಎಂದ ತಮ್ಮ. ಇಷ್ಟೇ ಇರಬೇಕು ಎಂದೆ. ಮಾರನೆಯ ದಿನ ಅದೇ ಬೀದಿಗಳಲ್ಲಿ ಗೈಡ್ ಹಿಂದೆ ನಡೆದಾಗ ಒಂದು ಗಂಟೆ ಸಾಲಲಿಲ್ಲ. ಹಿಂದಿನ ದಿನ ನಾವು ಅಂಗಡಿಗಳ ಗಾಜನ್ನು ನೋಡುತ್ತಾ ನಡೆದಿದ್ದೆವು. ಆ ಪೇಟೆಯ ಕಥೆಯೆಲ್ಲ ಇರುವುದು ಅಂಗಡಿಗಳ ಮೇಲಿನ ಮಹಡಿಯಿಂದ ಸೂರಿನವರೆಗೆ.

ಅಂಥ ನಡಿಗೆಗೆ ಹೋಗುವವರಿಗೆ ನಾನು ಮೊದಲು ಹೇಳುವ ಮಾತು, ಚಿಕ್ಕದನ್ನೇ ಆರಿಸಿಕೊಳ್ಳಿ ಎಂಬುದು. ಒಂದು ಗಂಟೆ, ಹೆಚ್ಚೆಂದರೆ ಒಂದೂವರೆ. ಎರಡೂವರೆ ಗಂಟೆಯದರಲ್ಲಿ ಕೊನೆಯ ಒಂದು ಗಂಟೆ ಎಲ್ಲರ ಕಣ್ಣೂ ಹೋಟೆಲಿನ ಕುರ್ಚಿಗಳ ಮೇಲೆಯೇ ಇರುತ್ತದೆ, ಇದು ಮಂಡಿನೋವಿರುವ ನನ್ನ ಅನುಭವ. ಗೈಡ್ ಊರನ್ನೆಲ್ಲ ತೋರಿಸಬೇಕಾಗಿಲ್ಲ. ಎಲ್ಲಿ ನಿಂತು ಏನನ್ನು ನೋಡಬೇಕು ಎಂದು ಹೇಳಿಕೊಟ್ಟರೆ ಸಾಕು. ಮತ್ತೆ ಅದೇ ಜಾಗಕ್ಕೆ ಬಂದು ನಿಲ್ಲಲು ಮಧ್ಯಾಹ್ನವೆಲ್ಲ ನಿಮ್ಮ ಕೈಯಲ್ಲಿರುತ್ತದೆ.

ಹಿಂದಿನ ದಿನವೇ ಹೆಸರು ಬರೆಸಿ. ಬರೆಸುವಾಗ ಮೂರು ವಿಷಯ ಕೇಳಿ: ಯಾವ ಭಾಷೆ, ಎಲ್ಲಿ ಸೇರುವುದು, ಕಟ್ಟಡಗಳ ಒಳಗೆ ಹೋಗುತ್ತೇವೆಯೇ ಇಲ್ಲವೇ. ಇದರಲ್ಲಿ ಎರಡನ್ನು ಕೇಳದೆ ನಾನು ಬುದ್ಧಿ ಕಲಿತೆ. ಹಳೆಯ ಪೇಟೆಯ ಹೆಸರಾಂತ ಬಂಗಾರದ ಸೂರಿನ ಕೆಳಗೆ ಒಂದೇ ಹೊತ್ತಿಗೆ ಮೂರು ಗುಂಪುಗಳು ನಿಂತಿದ್ದವು. ಕೊಡೆ ಎತ್ತಿ ಹಿಡಿದವರು ಕಂಡ ಕೂಡಲೇ ಅವರ ಹಿಂದೆ ಸೇರಿಕೊಂಡೆವು. ಹತ್ತು ನಿಮಿಷ ಜರ್ಮನ್ ಭಾಷೆಗೆ ತಲೆಯಾಡಿಸಿದ ಮೇಲೆ ತಮ್ಮ ನನ್ನ ಕೈ ಚಿವುಟಿದ. ನಮ್ಮ ಇಂಗ್ಲಿಷ್ ಗುಂಪು ಸೇರಬೇಕಾಗಿದ್ದುದು ಇನ್ನೂರು ಹೆಜ್ಜೆ ಆಚೆ. ಓಡಿದೆವು. ಆಸ್ಟ್ರಿಯಾದಲ್ಲಿ ಹತ್ತು ಗಂಟೆ ಎಂದರೆ ಹತ್ತೇ. ಹತ್ತು ನಿಮಿಷ ಮೊದಲೇ ಹೋಗಿ ನಿಂತಿರಿ. ಗೈಡ್ ಕೆಲಸಕ್ಕೆ ಅಲ್ಲಿ ಪರೀಕ್ಷೆ, ಪರವಾನಗಿ ಎಲ್ಲ ಇವೆ. 'ಆಸ್ಟ್ರಿಯಾ ಗೈಡ್' ಎಂಬ ಬಿಲ್ಲೆ ತೊಟ್ಟವರು ಸಿಕ್ಕರೆ ಅವರು ಓದಿ ಬಂದವರೆಂದು ನೆಮ್ಮದಿಯಿಂದ ಹಿಂದೆ ನಡೆಯಬಹುದು.

ಕಾಲಿಗೆ ರಬ್ಬರ್ ಅಟ್ಟೆಯ, ಈಗಾಗಲೇ ಪಳಗಿದ ಬೂಟು. ಬೀದಿಗಳಿಗೆ ಕಲ್ಲು ಹಾಸಿದ್ದಾರೆ, ಮಳೆ ಬಿದ್ದರೆ ಜಾರುತ್ತದೆ. ಮೈಮೇಲೆ ಒಂದು ದಪ್ಪ ಕೋಟಿಗಿಂತ ಎರಡು ಮೂರು ತೆಳುವಾದವು ವಾಸಿ, ಏಕೆಂದರೆ ಬೆಟ್ಟದ ನೆರಳಿನಿಂದ ಬಿಸಿಲಿಗೆ ಕಾಲಿಟ್ಟರೆ ಬೇರೆಯೇ ಋತು. ದಕ್ಷಿಣದಿಂದ ಫ್ಯೋನ್ ಎಂಬ ಬೆಚ್ಚನೆಯ ಒಣಗಾಳಿ ಆಲ್ಪ್ಸ್ ದಾಟಿ ಬೀಸಿದ ದಿನವಂತೂ ನೋರ್ಡ್‌ಕೆಟ್ಟೆ ಬೆಟ್ಟಸಾಲು ಕೈಚಾಚಿದರೆ ಸಿಗುವಷ್ಟು ಹತ್ತಿರ ಕಾಣುತ್ತದೆ. ಅಂಥ ದಿನ ತಲೆನೋವು ಎನ್ನುವ ಊರಿನವರೂ ಇದ್ದಾರೆ. ನೀರಿನ ಬಾಟಲಿ ದುಡ್ಡು ಕೊಟ್ಟು ಕೊಳ್ಳಬೇಡಿ. ಅದೇ ಬೆಟ್ಟಸಾಲಿನ ಬುಗ್ಗೆಯ ನೀರು ಊರಿನ ನಲ್ಲಿಗಳಲ್ಲಿ ಬರುತ್ತದೆ. ಶೌಚಾಲಯದ ಕೆಲಸ ಮೊದಲೇ ಮುಗಿಸಿ, ಜೇಬಿನಲ್ಲಿ ಚಿಲ್ಲರೆ ಯೂರೋ ನಾಣ್ಯಗಳಿರಲಿ.

ಸಾಧ್ಯವಾದರೆ ನಡಿಗೆಗೆ ಅರ್ಧ ಗಂಟೆ ಮೊದಲು ಮರಿಯಾ ಥೆರೇಸಿಯನ್ ಬೀದಿಯ ದಕ್ಷಿಣ ತುದಿಗೆ ನೀವೇ ಹೋಗಿ. ಚಿಕ್ಕ ನಡಿಗೆಗಳು ಅಷ್ಟು ದೂರ ಬರುವುದು ಕಡಿಮೆ. ಅಲ್ಲಿ 1765ರ ವಿಜಯ ಕಮಾನು ಇದೆ. ಮಹಾರಾಣಿ ಮರಿಯಾ ಥೆರೇಸಾಳ ಮಗ ಲಿಯೋಪೋಲ್ಡನ ಮದುವೆಗೆಂದು ಕಟ್ಟಿಸಿದ್ದು. ಮದುವೆಯ ಸಂಭ್ರಮ ಮುಗಿಯುವ ಮೊದಲೇ, ಅದೇ ಆಗಸ್ಟ್ ತಿಂಗಳ 18ರಂದು, ಇದೇ ಊರಿನಲ್ಲಿ ಆಕೆಯ ಗಂಡ ಫ್ರಾಂಜ್ ತೀರಿಕೊಂಡ. ಆದ್ದರಿಂದ ಕಮಾನಿನ ದಕ್ಷಿಣದ ಮುಖದಲ್ಲಿ ಮದುವೆ, ಉತ್ತರದ ಮುಖದಲ್ಲಿ ಸೂತಕ. ಕಮಾನು ದಾಟಿ ಹತ್ತು ಹೆಜ್ಜೆ ನಡೆದು ತಿರುಗಿ ನೋಡುವುದನ್ನು ಮರೆಯಬೇಡಿ. ಹೆಚ್ಚಿನವರು ತಿರುಗುವುದೇ ಇಲ್ಲ. ಅಲ್ಲಿಂದ ಬೆಟ್ಟದ ಕಡೆ ಮುಖ ಮಾಡಿ ನಡೆದರೆ ಬೀದಿಯ ನಡುವೆ ಸಂತ ಆನ್ನಾಳ ಸ್ತಂಭ. 1703ರ ಜುಲೈ 26, ಆಕೆಯ ಹಬ್ಬದ ದಿನ, ಬವೇರಿಯಾದ ಸೈನ್ಯವನ್ನು ಓಡಿಸಿದ ನೆನಪಿಗೆ ನಿಲ್ಲಿಸಿದ್ದು. ಆದರೆ ಕಂಬದ ತುದಿಯಲ್ಲಿ ನಿಂತಿರುವವಳು ಮೇರಿ. ಪಾಪ, ಆನ್ನಾ ಬುಡದಲ್ಲಿದ್ದಾಳೆ.

ಮುಂದೆ ಬೀದಿಯ ಹೆಸರುಗಳನ್ನು ಓದಿ. ಮಾರ್ಕ್ಟ್‌ಗ್ರಾಬೆನ್, ಬುರ್ಗ್‌ಗ್ರಾಬೆನ್. ಗ್ರಾಬೆನ್ ಎಂದರೆ ಕಂದಕ. ಕೋಟೆಯ ಸುತ್ತಲಿನ ಕಂದಕವನ್ನು ಮುಚ್ಚಿ ಮಾಡಿದ ರಸ್ತೆಗಳವು. ಅಲ್ಲಿ ಟ್ರಾಮ್ ಹಳಿ ದಾಟಿದಿರಿ ಎಂದರೆ ಕಂದಕ ದಾಟಿ ಊರೊಳಗೆ ಬಂದಿರಿ ಎಂದೇ ಅರ್ಥ. ಇದನ್ನು ನಮ್ಮ ಗೈಡ್ ಹೇಳುವವರೆಗೆ ನನಗದು ಬರೀ ರಸ್ತೆಯಾಗಿತ್ತು.

ನಡಿಗೆ ಶುರುವಾದ ಮೇಲೆ ಎಲ್ಲಿ ನಿಲ್ಲಬೇಕು ಎಂಬುದು ದೊಡ್ಡ ವಿಷಯ. ಗೈಡ್ ಎದುರಿಗೆ ಅರ್ಧಚಂದ್ರಾಕಾರದಲ್ಲಿ ಎಲ್ಲರೂ ನಿಲ್ಲುತ್ತಾರೆ. ನೀವು ಒಂದು ಪಕ್ಕಕ್ಕೆ, ಆಕೆಯ ಭುಜಕ್ಕೆ ಸಮನಾಗಿ ನಿಲ್ಲಿ. ಮಾತೂ ಕೇಳುತ್ತದೆ, ಆಕೆ ಬೆರಳು ತೋರಿಸಿದ್ದು ತಕ್ಷಣ ಕಣ್ಣಿಗೂ ಬೀಳುತ್ತದೆ. ಎದುರು ನಿಂತವರು ಪ್ರತಿ ಸಲ ಹಿಂದಕ್ಕೆ ತಿರುಗಿ, ಯಾವುದು, ಯಾವುದು ಎಂದು ಹುಡುಕುತ್ತಾರೆ. ಕಮಾನು ಚಾವಣಿಯ ಜಗಲಿಗಳ ಕೆಳಗೆ ದನಿ ಗುಂಯ್ಗುಡುತ್ತದೆ, ಅಲ್ಲಿ ಇನ್ನಷ್ಟು ಹತ್ತಿರವಿರಿ. ಮತ್ತೆ, ಒಂದು ನಿಲುಗಡೆಯಿಂದ ಇನ್ನೊಂದಕ್ಕೆ ಹೋಗುವಾಗ ಹಿಂದುಳಿಯಬೇಡಿ. ಗೈಡ್ ಬಾಯಿಪಾಠ ಬಿಟ್ಟು ಮಾತನಾಡುವುದು ಆಗಲೇ. ಫೋಟೊ ತೆಗೆಯುತ್ತಾ ಹಿಂದೆ ಬಿದ್ದ ನನ್ನ ತಮ್ಮನಿಗೆ ಸಿಕ್ಕಿದ್ದು ನೂರಾರು ಚಿತ್ರ. ಪಕ್ಕದಲ್ಲಿ ನಡೆದ ನನಗೆ ಸಿಕ್ಕಿದ್ದು ಮನೆಗಳ ಬುಡದ ಸಂಗತಿ. ಹೆರ್ಜೋಗ್ ಫ್ರೀಡ್ರಿಖ್ ಬೀದಿಯ ಮನೆಗಳ ಗೋಡೆ ಕೆಳಗೆ ಬರುತ್ತಾ ಹೊಟ್ಟೆ ಮುಂದಿಟ್ಟ ಹಾಗೆ ಓರೆಯಾಗಿ ದಪ್ಪವಾಗುತ್ತದೆ. ಕಟ್ಟಿದವನ ಕೈ ಸೊಟ್ಟ ಎಂದುಕೊಂಡಿದ್ದೆ. ಅವು 17ನೇ ಶತಮಾನದ ಭೂಕಂಪಗಳ ನಂತರ ಮನೆಗಳಿಗೆ ಕೊಟ್ಟ ಒತ್ತುಗೋಡೆಗಳು.

ಬಂಗಾರದ ಸೂರಿನ ಎದುರು ಎಲ್ಲ ಗುಂಪುಗಳೂ ಹೆಚ್ಚು ಹೊತ್ತು ನಿಲ್ಲುತ್ತವೆ, ನಿಲ್ಲಬೇಕಾದದ್ದೇ. ಗೋಲ್ಡನೆಸ್ ದಾಖ್ಲ್ ಎಂದು ಅದರ ಹೆಸರು. ಚಿನ್ನದ ನೀರು ಕುಡಿದ 2,657 ತಾಮ್ರದ ಹೆಂಚುಗಳು, ಅಡಿಯಲ್ಲಿ ಒಂದು ಪುಟ್ಟ ಮೊಗಸಾಲೆ. ಚೌಕದಲ್ಲಿ ನಡೆಯುವ ಆಟಪಾಟ ನೋಡಲು ಮ್ಯಾಕ್ಸಿಮಿಲಿಯನ್ ದೊರೆ 1500ರ ಸುಮಾರಿಗೆ ಮಾಡಿಸಿಕೊಂಡ ಆಸನ ಅದು. ಅಷ್ಟು ಹೆಸರು ಕೇಳಿ ಹೋದವರಿಗೆ ಗಾತ್ರ ನೋಡಿ ನಿರಾಸೆಯಾಗುವುದು ಸಹಜ. ನಮಗೂ ಮೊದಲ ದಿನ ಆಗಿತ್ತು. ಸೂರನ್ನು ಬಿಟ್ಟು ಅದರ ಕೆಳಗಿನ ಕಲ್ಲಿನ ಫಲಕಗಳನ್ನು ನೋಡಿ. ಈಗ ಅಲ್ಲಿರುವವು ಪ್ರತಿಗಳು. ಮೂಲವನ್ನು ವಸ್ತುಸಂಗ್ರಹಾಲಯದಲ್ಲಿ ಇಟ್ಟಿದ್ದಾರೆ. ಒಂದರಲ್ಲಿ ದೊರೆ ಇಬ್ಬರು ಹೆಂಡಿರ ಜೊತೆ ಇದ್ದಾನೆ. ಒಬ್ಬಳು ಆಗಿನ ರಾಣಿ ಬಿಯಾಂಕಾ ಮರಿಯಾ ಸ್ಫೋರ್ಜಾ. ಇನ್ನೊಬ್ಬಳು ಬರ್ಗಂಡಿಯ ಮೇರಿ, ಕುದುರೆಯಿಂದ ಬಿದ್ದು 1482ರಲ್ಲೇ ಸತ್ತುಹೋದವಳು. ಸತ್ತ ಸವತಿಯೊಂದಿಗೆ ಒಂದೇ ಕಲ್ಲಿನಲ್ಲಿ, ಊರಿನ ನಡುಮಧ್ಯೆ ಕೂರಬೇಕಾಗಿ ಬಂದ ಆ ಬಿಯಾಂಕಾ ಏನಂದುಕೊಂಡಳೋ! ಉಳಿದ ಫಲಕಗಳಲ್ಲಿ ಮೊರಿಸ್ಕೊ ಕುಣಿತದವರು ಇದ್ದಾರೆ. ಒಬ್ಬನ ಸೊಂಟ ಒಂದು ಕಡೆ, ಕತ್ತು ಇನ್ನೊಂದು ಕಡೆ, ಮಡಚಿದ ಕಾಲು ಮತ್ತೊಂದು ಕಡೆ. ಕಲ್ಲಿಗೆ ಮೂಳೆಯೇ ಇಲ್ಲವೇನೋ ಎನ್ನುವ ಹಾಗೆ ಬಾಗಿದ್ದಾರೆ. ಬರಿಗಣ್ಣಿಗೆ ಇದು ಪೂರ್ತಿ ಸಿಗುವುದಿಲ್ಲ. ಸಣ್ಣ ದುರ್ಬೀನು ಇದ್ದರೆ ತನ್ನಿ, ಇಲ್ಲದಿದ್ದರೆ ಮೊಬೈಲ್ ಕ್ಯಾಮೆರಾವನ್ನು ಹಿಗ್ಗಿಸಿ ನೋಡಿ. ನಾನು ಮೊಬೈಲನ್ನು ಹೊರಗೆ ತೆಗೆದದ್ದು ಅದೊಂದಕ್ಕೇ.

ಅಲ್ಲೇ ಕೇಳಬೇಕಾದ ಪ್ರಶ್ನೆಯೊಂದಿದೆ: ಫ್ರೀಡ್ರಿಖ್ ದೊರೆಯ ಕಥೆ ನಿಜವೇ? 'ಖಾಲಿ ಜೇಬಿನ ಫ್ರೀಡ್ಲ್' ಎಂದು ಆಡಿಕೊಂಡವರ ಬಾಯಿ ಮುಚ್ಚಿಸಲು ಆತನೇ ಈ ಸೂರಿಗೆ ಚಿನ್ನ ಹೊದಿಸಿದ ಎಂಬ ಕಥೆ ಊರಿನಲ್ಲಿ ಓಡಾಡುತ್ತದೆ. ಫ್ರೀಡ್ರಿಖ್ ಸತ್ತದ್ದು 1439ರಲ್ಲಿ, ಲೆಕ್ಕ ಹೊಂದುವುದಿಲ್ಲ. ನಮ್ಮ ಗೈಡ್ ನಕ್ಕು, "ಕಥೆ ಸುಳ್ಳು, ಆದರೆ ಹೇಳದಿದ್ದರೆ ಜನ ಬೇಸರಪಡುತ್ತಾರೆ" ಎಂದಳು. ಇಂಥ ಒಂದು ಪ್ರಶ್ನೆ ಕೇಳಿದರೆ ಗೈಡ್ ನಿಮ್ಮ ಮುಖ ನೋಡಿ ಮಾತನಾಡಲು ಶುರುಮಾಡುತ್ತಾರೆ. ಇದೇ ಚೌಕದ ಇನ್ನೊಂದು ಸಂಗತಿಯನ್ನು ಆಕೆ ಹೇಳಿದ್ದು ಆ ಮೇಲೆಯೇ. 1536ರಲ್ಲಿ ಯಾಕೋಬ್ ಹುಟ್ಟರ್ ಎಂಬ ಧರ್ಮಬೋಧಕನನ್ನು ಈ ಸೂರಿನ ಎದುರಿಗೇ ಜೀವಂತ ಸುಟ್ಟರು. ಹುಟ್ಟರೈಟ್ ಎಂಬ ಕ್ರೈಸ್ತ ಪಂಥಕ್ಕೆ ಹೆಸರು ಬಂದದ್ದು ಅವನಿಂದ. ಆಕೆ ದನಿ ತಗ್ಗಿಸಿದಳು. ಪಕ್ಕದಲ್ಲಿ ಮಕ್ಕಳು ಐಸ್‌ಕ್ರೀಂ ತಿನ್ನುತ್ತಿದ್ದರು.

ಎದುರಿನ ಹೆಲ್ಬ್ಲಿಂಗ್ ಮನೆಗೆ ಬೆನ್ನು ಹಾಕಿ ಹೋಗಬೇಡಿ. 18ನೇ ಶತಮಾನದ ಗಾರೆ ಕೆಲಸ, ಕಿಟಕಿ ಕಿಟಕಿಗೂ ಬಳ್ಳಿ, ಶಂಖ, ದುಂಡು ಮೊಗದ ಶಿಶುಗಳು. ಆಂಜನೇಯನಿಗೆ ಬೆಣ್ಣೆ ಅಲಂಕಾರ ಮಾಡಿದ ಹಾಗಿದೆ. ತಮ್ಮನಿಗೆ ಇಷ್ಟವಾಯಿತು. ನನಗೆ ಸ್ವಲ್ಪ ಅತಿ ಎನಿಸಿತು.

ಅಲ್ಲಿಂದ ಸಂತ ಯಾಕೋಬನ ಪ್ರಧಾನ ಇಗರ್ಜಿಗೆ ಎರಡು ತಿರುವು. ಪೂಜೆ ನಡೆಯುತ್ತಿದ್ದರೆ ಪ್ರವಾಸಿಗರು ಹೊರಗೇ ಇರಬೇಕು. ಒಳಗೆ ಹೋದರೆ ಟೋಪಿ ಕೈಯಲ್ಲಿ, ಮಾತು ಗಂಟಲಲ್ಲಿ. ಮುಖ್ಯ ಪೀಠದ ಆ ಎಲ್ಲ ಬೆಳ್ಳಿಬಂಗಾರದ ನಡುವೆ ಸಾದಾ ಆದ ಒಂದು ಚಿತ್ರವಿದೆ, ತಾಯಿ ಮಗುವಿನದು. ಹಿರಿಯ ಲೂಕಾಸ್ ಕ್ರಾನಾಖ್ ಬರೆದ ಮರಿಯಾಹಿಲ್ಫ್ ಅದು. ಮಗು ತಾಯಿಯ ಕೆನ್ನೆಗೆ ಮುಖ ಒತ್ತಿಕೊಂಡಿದೆ. ಪೀಠದ ವೈಭವ ನೋಡುತ್ತಾ ಅದನ್ನು ತಪ್ಪಿಸಿಕೊಂಡು ಬರುವವರೇ ಹೆಚ್ಚು.

ಚಿಕ್ಕ ನಡಿಗೆಗಳು ಸಾಮಾನ್ಯವಾಗಿ ಅರಮನೆ ಹೋಫ್‌ಬುರ್ಗ್ ಬಳಿ ಮುಗಿಯುತ್ತವೆ, ಇಲ್ಲವೇ ಪಕ್ಕದ ಅರಮನೆ ಇಗರ್ಜಿ ಹೋಫ್‌ಕಿರ್ಖೆಯ ಬಾಗಿಲಲ್ಲಿ. ಟಿಪ್ಸ್ ಕಡ್ಡಾಯವಲ್ಲ. ಮೆಚ್ಚಿದರೆ ತಲೆಗೆ ಎರಡು ಮೂರು ಯೂರೋ ಕೈಗಿತ್ತರೆ ಸಂಕೋಚವಿಲ್ಲದೆ ತೆಗೆದುಕೊಳ್ಳುತ್ತಾರೆ. ಕಿವಿಗೆ ಹಾಕಿಕೊಳ್ಳಲು ಯಂತ್ರ ಕೊಟ್ಟಿದ್ದರೆ ಹಿಂದಿರುಗಿಸಿ. ಕತ್ತಿನಲ್ಲಿ ನೇತುಹಾಕಿಕೊಂಡೇ ಊಟಕ್ಕೆ ಹೋದವರನ್ನು ನಾನು ಬಲ್ಲೆ, ಹೆಸರು ಹೇಳುವುದಿಲ್ಲ, ನನ್ನ ತಾಯಿಯ ಮಗನೇ.

ಹೋಫ್‌ಕಿರ್ಖೆಗೆ ಟಿಕೆಟ್ ಇದೆ. ಗುಂಪು ಚದುರಿದ ಮೇಲೆ ನೀವಾಗಿಯೇ ಹೋಗಿ. ಮ್ಯಾಕ್ಸಿಮಿಲಿಯನ್ನನ ಭವ್ಯ ಸಮಾಧಿಯ ಎರಡೂ ಕಡೆ ಆಳೆತ್ತರಕ್ಕೂ ಮಿಗಿಲಾದ 28 ಕಂಚಿನ ಮೂರ್ತಿಗಳು ಸಾಲಾಗಿ ನಿಂತಿವೆ. ಊರಿನವರು 'ಕಪ್ಪು ಗಂಡಸರು' ಎನ್ನುತ್ತಾರೆ. ಹೆಂಗಸರೂ ಇದ್ದಾರೆ, ಕೇಳುವವರಿಲ್ಲ. ಸಮಾಧಿ ಮಾತ್ರ ಖಾಲಿ. ದೊರೆಯನ್ನು 1519ರಲ್ಲಿ ಹೂಳಿದ್ದು ದೂರದ ವೀನರ್ ನ್ಯೂಶ್ಟಾಟ್‌ನಲ್ಲಿ. ಮೂರ್ತಿಗಳ ಕೈಗಳನ್ನು ನೋಡಿ: ಏನನ್ನೋ ಹಿಡಿದ ಹಾಗೆ ಬೆರಳು ಮಡಚಿಕೊಂಡಿವೆ, ಹಿಡಿದದ್ದು ಇಲ್ಲ. ಉತ್ತರಕ್ರಿಯೆಯಲ್ಲಿ ಮೇಣದ ಬತ್ತಿ ಹಿಡಿಯಲೆಂದು ಮಾಡಿದ ಮುಷ್ಟಿಗಳವು. ಕಪ್ಪು ಕಂಚಿನ ನಡುವೆ ಒಂದೆರಡು ಕಡೆ ಚಿನ್ನದ ಹಾಗೆ ಹೊಳೆಯುತ್ತದೆ, ಶತಮಾನಗಳಿಂದ ಜನ ಸವರಿ ಸವರಿ. ರುಡಾಲ್ಫ್ ದೊರೆಯಲ್ಲಿ ಹೊಳೆಯುವ ಜಾಗ ಯಾವುದೆಂದು ನಾನು ಬರೆಯಲಾರೆ. ಹೋದವರಿಗೆ ಕಾಣುತ್ತದೆ.

ಮಂಡಿಗೆ ಇನ್ನೂ ಶಕ್ತಿ ಇದ್ದರೆ ಕೊನೆಗೆ ಊರಿನ ಗೋಪುರ, ಶ್ಟಾಟ್‌ಟುರ್ಮ್. ನೋಡುವ ಕಟ್ಟೆಯವರೆಗೆ 133 ಮೆಟ್ಟಿಲು. ಕೈಚೀಲ ಬೆನ್ನಿಗೆ ಹಾಕಿ, ಗೋಡೆಯ ಕಡೆಯೇ ಹತ್ತಿ, ಇಳಿದು ಬರುವವರಿಗೆ ದಾರಿ ಬಿಡುವ ನೆಪದಲ್ಲಿ ಉಸಿರು ತೆಗೆದುಕೊಳ್ಳಿ. ನಾನು ನಾಲ್ಕು ಸಲ ದಾರಿ ಬಿಟ್ಟೆ, ಅದರಲ್ಲಿ ಎರಡು ಸಲ ಯಾರೂ ಬರುತ್ತಿರಲಿಲ್ಲ. ಮೇಲಿನಿಂದ ಬಂಗಾರದ ಸೂರು ಕಾಲ ಕೆಳಗೆ ಕಾಣುತ್ತದೆ, ಅದರ ಎದುರು ಕತ್ತೆತ್ತಿ ನಿಂತ ಹೊಸ ಗುಂಪುಗಳೂ. ತಮ್ಮ ಕಟಾಂಜನಕ್ಕೆ ಒರಗಿ, ನಾವು ಓಡಿಬಂದ ಆ ಇನ್ನೂರು ಹೆಜ್ಜೆಯ ದಾರಿಯನ್ನು ಬೆರಳಿನಲ್ಲಿ ಅಳೆಯುತ್ತಿದ್ದ. ಕೊಡೆ ಹಿಡಿದವರೊಬ್ಬರ ಹಿಂದೆ ಇಬ್ಬರು ಜೋರಾಗಿ ತಲೆಯಾಡಿಸುತ್ತಿದ್ದುದು ಅಲ್ಲಿಂದಲೂ ಕಂಡಿತು. "ಅಕ್ಕಾ, ಅವರಿಗೂ ಜರ್ಮನ್ ಬರುವುದಿಲ್ಲ" ಎಂದ.