ನೆಟ್ ಹೋದರೂ ಮೋಟಾರ್ ನಿಲ್ಲಬೇಕು

2024ರ ಬೇಸಿಗೆಯನ್ನು ಬೆಂಗಳೂರಿನವರು ಸುಲಭಕ್ಕೆ ಮರೆಯುವುದಿಲ್ಲ. ನಮ್ಮದು ಜೆ.ಪಿ. ನಗರದ ಕಡೆ ಹದಿನೆಂಟು ಮನೆಗಳ ಚಿಕ್ಕ ಅಪಾರ್ಟ್‌ಮೆಂಟು. ಬೋರ್‌ವೆಲ್ ಕೈಕೊಟ್ಟಿತ್ತು. ಕಾವೇರಿ ನೀರು ಬಂದರೆ ಬಂತು, ಇಲ್ಲದಿದ್ದರೆ ಟ್ಯಾಂಕರ್. ಅಂಥ ಹೊತ್ತಲ್ಲಿ ಒಂದು ಬೆಳಿಗ್ಗೆ ಮೇಲಿನ ಟ್ಯಾಂಕ್ ತುಂಬಿ ಉಕ್ಕಿತು. ಹಿಂದಿನ ರಾತ್ರಿ ದುಡ್ಡು ಕೊಟ್ಟು ತರಿಸಿದ ನೀರು ಮೆಟ್ಟಿಲಿಳಿದು ಚರಂಡಿಗೆ ಹೋಯಿತು. ಎರಡನೇ ಮಹಡಿಯ ಅಜ್ಜಿ ಬಕೆಟ್ ತಂದು ಹಿಡಿಯುತ್ತಿದ್ದರು. ನೋಡಿ ಹೊಟ್ಟೆ ಉರಿಯಿತು.

ಆಗ ಟ್ಯಾಂಕಿಗೆ ಒಂದು ರೆಡಿಮೇಡ್ ಪೆಟ್ಟಿಗೆ ಹಾಕಿಸಿದ್ದೆವು. ಅದು ನೀರಿನ ಮಟ್ಟ ಅಳೆದು ಎಲ್ಲೋ ಇರುವ ಸರ್ವರ್‌ಗೆ ಕಳಿಸುತ್ತಿತ್ತು. ಅಲ್ಲಿಂದ ‘ಆಫ್’ ಅಂತ ಬಂದರೆ ಮಾತ್ರ ಮೋಟಾರ್ ನಿಲ್ಲುತ್ತಿತ್ತು. ಆ ದಿನ ನಮ್ಮಲ್ಲಿ ನೆಟ್ ಇರಲಿಲ್ಲ. ಟ್ಯಾಂಕಿಗೂ ಮೋಟಾರಿಗೂ ನಡುವೆ ಇರುವುದು ನಾಲ್ಕು ಮಹಡಿ. ಅಷ್ಟಕ್ಕೆ ಮಾತು ಊರೆಲ್ಲ ಸುತ್ತಿ ಬರಬೇಕಾ? ಪೆಟ್ಟಿಗೆ ಬಿಚ್ಚಿ ಸರಿ ಮಾಡೋಣ ಅಂದರೆ ಒಳಗಿನ ಸಾಫ್ಟ್‌ವೇರ್ ಮುಟ್ಟುವ ಹಾಗೇ ಇಲ್ಲ. ನಾನು ದಿನಾ ಮಾಡುವುದು ಎಂಬೆಡೆಡ್ ಕೆಲಸ, ಅಂದರೆ ಯಂತ್ರಗಳೊಳಗಿನ ಚಿಪ್ಪಿಗೆ ಪ್ರೋಗ್ರಾಮ್ ಬರೆಯುವುದು. ಇದನ್ನು ನಾನೇ ಮಾಡುತ್ತೇನೆ ಅಂತ ಅಸೋಸಿಯೇಷನ್ ಮೀಟಿಂಗಲ್ಲಿ ಹೇಳಿದೆ.

ಶನಿವಾರ ಎಸ್.ಪಿ. ರಸ್ತೆಗೆ ಹೋಗಿ ಮೂರು ಇಎಸ್‌ಪಿ32 ಬೋರ್ಡು (ವೈಫೈ ಇರುವ ಪುಟ್ಟ ಚಿಪ್ಪಿನವು), ಸದ್ದಿನಿಂದ ದೂರ ಅಳೆಯುವ, ನೀರಿಗೆ ಹೆದರದ ಎರಡು ಅಲ್ಟ್ರಾಸೋನಿಕ್ ಸೆನ್ಸರ್, ರಿಲೇ (ಬೋರ್ಡು ಹೇಳಿದಂತೆ ಆನ್–ಆಫ್ ಆಗುವ ಸ್ವಿಚ್ಚು), ಒಂದಿಷ್ಟು ರೆಸಿಸ್ಟರ್ ತಂದೆ. ಮನೆಯಲ್ಲಿ ಸುಮ್ನೆ ಬಿದ್ದಿದ್ದ ರಾಸ್‌ಬೆರಿ ಪೈ 4 ಅನ್ನುವ ಅಂಗೈಯಷ್ಟು ಕಂಪ್ಯೂಟರ್ ಇತ್ತು. ಸಾಫ್ಟ್‌ವೇರ್ ಪೂರ್ತಿ ಓಪನ್ ಸೋರ್ಸ್, ಯಾರು ಬೇಕಾದರೂ ತೆರೆದು ತಿದ್ದಬಹುದು: ಬೋರ್ಡುಗಳಿಗೆ ಇಎಸ್‌ಪಿಹೋಮ್, ಸಂದೇಶ ದಾಟಿಸಲು ನಡುವೆ ಅಂಚೆಯವನಂತಿರುವ ಮಸ್ಕಿಟೋ ಬ್ರೋಕರ್, ಎಲ್ಲವನ್ನೂ ಒಂದೇ ಕಡೆ ನೋಡಲು ಹೋಮ್ ಅಸಿಸ್ಟೆಂಟ್. ಕೊನೆಯ ಎರಡೂ ಓಡುವುದು ಪೈ ಮೇಲೆ. ಇವು ಮಾತಾಡುವುದು ಎಂಕ್ಯೂಟಿಟಿ ಅನ್ನುವ ಸಂದೇಶದ ಭಾಷೆಯಲ್ಲಿ. 1999ರಲ್ಲಿ ಆಂಡಿ ಸ್ಟ್ಯಾನ್‌ಫರ್ಡ್-ಕ್ಲಾರ್ಕ್ ಮತ್ತು ಆರ್ಲೆನ್ ನಿಪ್ಪರ್ ಎಣ್ಣೆಯ ಪೈಪ್‌ಲೈನ್‌ಗಳ ಮೇಲೆ ಸ್ಯಾಟಲೈಟ್ ಮೂಲಕ ನಿಗಾ ಇಡಲು ಇದನ್ನು ಮಾಡಿದರು. ಸಂಪರ್ಕ ದುಬಾರಿಯಾಗಿದ್ದ ಕಾಲದ್ದು, ಹಾಗಾಗಿ ಸಂದೇಶ ತುಂಬ ಚಿಕ್ಕದು. ನಮ್ಮ ಟೆರೇಸಿನ ಕುಂಟು ವೈಫೈಗೂ ಅದೇ ಬೇಕಿತ್ತು.

ಸೆನ್ಸರ್‌ನ ಅಳತೆ ಹೊರಬರುವ ಎಕೋ ಪಿನ್ 5 ವೋಲ್ಟ್ ಕೊಡುತ್ತದೆ, ಇಎಸ್‌ಪಿ32 ತಡೆದುಕೊಳ್ಳುವುದು 3.3. ನೇರವಾಗಿ ಕೊಟ್ಟರೆ ಬೋರ್ಡು ಸುಟ್ಟುಹೋಗಬಹುದು. 1 ಕಿಲೋಓಮ್, 2 ಕಿಲೋಓಮ್ ರೆಸಿಸ್ಟರ್ ಎರಡನ್ನು ಸಾಲಾಗಿ ಹಾಕಿ ನಡುವಿನಿಂದ ತಂತಿ ತೆಗೆದರೆ ಸರಿಹೋಗುತ್ತದೆ. ಅಳತೆ ಸರಳ. ಸೆನ್ಸರ್ ಸದ್ದು ಬಿಡುತ್ತದೆ, ನೀರಿಗೆ ಬಡಿದು ವಾಪಸ್ ಬರುವ ಹೊತ್ತು ಎಣಿಸುತ್ತದೆ. ನೀರು ಒಂದು ಮೀಟರ್ ಕೆಳಗಿದ್ದರೆ ಹೋಗಿ ಬರಲು ಸುಮಾರು 6 ಮಿಲಿಸೆಕೆಂಡು.

ಹೀಗೆ ಜೋಡಿಸಿದ ಮೊದಲ ವಾರವೇ ಟ್ಯಾಂಕ್ ಮತ್ತೆ ಉಕ್ಕಿತು! ಈ ಸಲ ತಪ್ಪು ನನ್ನದೇ. ನನಗೆ ತುಂಬ ಬೇಜಾರಾಯಿತು. ಟೆರೇಸಿಗೆ ಓಡಿ ಲ್ಯಾಪ್‌ಟಾಪ್ ತೆರೆದು ನೋಡಿದರೆ, ಮಟ್ಟ ಶೇಕಡಾ ತೊಂಬತ್ತರವರೆಗೆ ಚೆನ್ನಾಗಿ ಏರಿ, ಆಮೇಲೆ ಇದ್ದಕ್ಕಿದ್ದಂತೆ ಮೂವತ್ತಕ್ಕೆ ಬಿದ್ದಿತ್ತು. ಟ್ಯಾಂಕ್ ಮಾತ್ರ ಕಂಠಪೂರ್ತಿ ತುಂಬಿದೆ. ಕಾರಣ ಇಷ್ಟೇ: ಈ ಸೆನ್ಸರ್ ಸದ್ದು ಬಿಡುವುದೂ ಕೇಳುವುದೂ ಒಂದೇ ಮುಖದಿಂದ. ಗುಡಿಯ ಗಂಟೆ ಬಾರಿಸಿದ ಕೂಡಲೇ ಪಕ್ಕದವರ ಪಿಸುಮಾತು ಕೇಳಿಸುವುದಿಲ್ಲ, ಅಲ್ವಾ? ಹಾಗೆಯೇ ಸುಮಾರು 20–25 ಸೆಂಟಿಮೀಟರ್‌ಗಿಂತ ಹತ್ತಿರದ ನೀರು ಇದಕ್ಕೆ ಕೇಳಿಸುವುದಿಲ್ಲ. ಆಗ ಬಾಯಿಗೆ ಬಂದ ಸಂಖ್ಯೆ ಹೇಳುತ್ತದೆ. ನಾನು ಅದನ್ನು ಮುಚ್ಚಳದ ಒಳಗೇ ಕೂರಿಸಿದ್ದೆ. ಅಗಲವಾದ ಪಿವಿಸಿ ಪೈಪಿನ ತುಂಡು ಇಟ್ಟು ಸೆನ್ಸರನ್ನು ಮುಚ್ಚಳದಿಂದ 30 ಸೆಂಟಿಮೀಟರ್ ಮೇಲಕ್ಕೆ ಎತ್ತಿದೆ. ಅವತ್ತೇ ಒಂದು ಹಳೇ ಕಾಲದ ಫ್ಲೋಟ್ ಸ್ವಿಚ್ಚನ್ನೂ ತೂಗುಬಿಟ್ಟೆ. ಅದಕ್ಕೆ ಸಾಫ್ಟ್‌ವೇರೇ ಇಲ್ಲ, ನೀರು ಮೇಲೆ ಬಂದರೆ ಲೈನ್ ಕಟ್ ಮಾಡುತ್ತದೆ, ಅಷ್ಟೇ. ನೀವು ಮಾಡುವುದಾದರೆ ಇದನ್ನು ಮಾತ್ರ ಬಿಡಬೇಡಿ.

ಸಂಪಿನ ಗೋಳು ಬೇರೆ. ಒಳಗಿನ ತೇವಕ್ಕೆ ಸೆನ್ಸರ್ ಮುಖದ ಮೇಲೆ ಹನಿ ಕಟ್ಟುತ್ತದೆ. ಟ್ಯಾಂಕರ್ ನೀರು ಸುರಿಯುವಾಗ ಮೇಲ್ಮೈ ಕುದಿಯುವ ಸಾರಿನಂತೆ ಕುಣಿಯುತ್ತದೆ. ಅಳತೆ ಒಮ್ಮೆ 40 ಸೆಂಟಿಮೀಟರ್, ಒಮ್ಮೆ 160. ಸರಾಸರಿ ತೆಗೆದರೆ ಒಂದು ಕೆಟ್ಟ ಸಂಖ್ಯೆ ಉಳಿದದ್ದನ್ನೂ ಕೆಡಿಸುತ್ತದೆ. ಏಳು ಅಳತೆಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿಟ್ಟು ನಡುವಿನದನ್ನು ಮಾತ್ರ ನಂಬು ಅಂತ ಇಎಸ್‌ಪಿಹೋಮ್‌ಗೆ ಹೇಳಿದೆ. ಅದಕ್ಕೆ ಸೆಟ್ಟಿಂಗ್ ಬರೆಯುವ ಯಾಮಲ್ ಫೈಲಿನಲ್ಲಿ ನಾಲ್ಕೈದು ಸಾಲು ಸಾಕಾಯಿತು.

ಜಾಸ್ತಿ ಯೋಚಿಸಿದ್ದು ‘ಆಫ್’ ಅನ್ನುವ ತೀರ್ಮಾನ ಎಲ್ಲಿ ಆಗಬೇಕು ಅನ್ನುವುದರ ಬಗ್ಗೆ. ಮೊದಲು ಅದನ್ನು ಹೋಮ್ ಅಸಿಸ್ಟೆಂಟ್‌ನಲ್ಲಿ ಇಟ್ಟಿದ್ದೆ. ಕರೆಂಟ್ ಹೋಗಿ ಬಂದು ಹೋಗಿ ಬಂದು ಪೈಯ ಎಸ್‌ಡಿ ಕಾರ್ಡ್ ಕೆಟ್ಟಾಗ ತಪ್ಪು ಗೊತ್ತಾಯಿತು. ದೂರದ ಸರ್ವರ್ ಬಿಟ್ಟು ಮನೆಯೊಳಗೇ ಇನ್ನೊಂದು ಸರ್ವರ್‌ಗೆ ಜೋತುಬಿದ್ದಿದ್ದೆ. ಈಗ ತೀರ್ಮಾನ ಸ್ಟಾರ್ಟರ್ ಪ್ಯಾನೆಲ್ ಪಕ್ಕದ ಇಎಸ್‌ಪಿ32 ಒಳಗೇ ಇದೆ. ಎರಡು ನಿಮಿಷ ಟ್ಯಾಂಕಿನಿಂದ ಹೊಸ ಸುದ್ದಿ ಬರದಿದ್ದರೆ ಅದು ಮೋಟಾರ್ ನಿಲ್ಲಿಸುತ್ತದೆ. ಸಂಪು ತಳ ಕಂಡರೂ ನಿಲ್ಲಿಸುತ್ತದೆ, ಇಲ್ಲದಿದ್ದರೆ ಪಂಪ್ ಒಣಗಿ ಓಡಿ ಕೆಡುತ್ತದೆ. ಪೈಗೆ ಈಗ ಎಸ್‌ಎಸ್‌ಡಿ ಹಾಕಿ, ರೂಟರ್ ಜೊತೆ ಚಿಕ್ಕ ಯುಪಿಎಸ್‌ಗೆ ಸೇರಿಸಿದ್ದೇನೆ.

ಎರಡು ವಿಷಯ ನನ್ನ ನಿದ್ದೆ ಕೆಡಿಸಿದ್ದವು. ಎಂಕ್ಯೂಟಿಟಿ ಬ್ರೋಕರ್ ಕೊನೆಯ ಸಂದೇಶವನ್ನು ಜೋಪಾನವಾಗಿ ಇಟ್ಟುಕೊಳ್ಳುತ್ತದೆ, ಇಎಸ್‌ಪಿಹೋಮ್ ಕೇಳದೆಯೇ ಹಾಗೆ ಇಡಿಸುತ್ತದೆ. ಸೆನ್ಸರ್ ಸತ್ತರೂ ‘ಟ್ಯಾಂಕ್ ಖಾಲಿ’ ಅನ್ನುವ ಹಳೇ ಸುದ್ದಿ ಹೊಸದರಂತೆ ಸಿಗುತ್ತದೆ. ಮಟ್ಟದ ಸಂದೇಶಕ್ಕೆ ಹಾಗೆ ಇಟ್ಟುಕೊಳ್ಳುವುದನ್ನು ಆಫ್ ಮಾಡಿದೆ. ಇನ್ನೊಂದು, ಬ್ರೋಕರ್ 15 ನಿಮಿಷ ಸಿಗದಿದ್ದರೆ ಇಎಸ್‌ಪಿಹೋಮ್ ಬೋರ್ಡನ್ನೇ ರೀಸ್ಟಾರ್ಟ್ ಮಾಡುತ್ತದೆ. ಅದನ್ನೂ ನಿಲ್ಲಿಸಿ, ರಿಲೇ ಯಾವಾಗಲೂ ಆಫ್ ಆಗಿಯೇ ಶುರುವಾಗುವಂತೆ ಬರೆದೆ.

ಮೂರು ಫೇಸಿನ ವೈರಿಂಗ್ ನಾನು ಮುಟ್ಟಲಿಲ್ಲ. ಮೋಟಾರಿಗೆ ಕರೆಂಟ್ ಕೊಡುವ ದೊಡ್ಡ ಸ್ವಿಚ್ಚು, ಅಂದರೆ ಕಾಂಟ್ಯಾಕ್ಟರ್ ಕೆಲಸ ಎಲೆಕ್ಟ್ರಿಷಿಯನ್ ಮಾಡಿದರು, ಆಟೋ–ಮ್ಯಾನುವಲ್ ಸ್ವಿಚ್ಚೂ ಅವರೇ ಹಾಕಿದರು. ಆ ಸ್ವಿಚ್ಚು ಕೇಳಿದ್ದು ನಮ್ಮ ವಾಚ್‌ಮನ್. “ಸಾರ್, ನಿಮ್ ಕಂಪ್ಯೂಟರ್ ಕೆಟ್ಟೋದ್ರೆ ನಾನ್ ಹೆಂಗ್ ನೀರ್ ಬಿಡ್ಲಿ?” ಅಂದಿದ್ದರು. ಅವರಿಗಾಗಿ ಗೇಟಿನ ಹತ್ತಿರ ಒಂದು ಹಳೇ ಟ್ಯಾಬ್ ಇಟ್ಟು, ‘ಸಂಪು’, ‘ಮೇಲಿನ ಟ್ಯಾಂಕ್’, ‘ಮೋಟಾರ್’ ಅಂತ ಕನ್ನಡದಲ್ಲೇ ಬರೆದೆ. ಟ್ಯಾಂಕರ್ ಬಂದಾಗ ಸಂಪು ಎಷ್ಟರಿಂದ ಎಷ್ಟಕ್ಕೆ ಏರಿತು ಅಂತ ಈಗ ಅವರೇ ಡ್ರೈವರ್‌ಗೆ ತೋರಿಸುತ್ತಾರೆ.

ಹೋದ ತಿಂಗಳು ರಸ್ತೆ ಅಗೆದು ಕೇಬಲ್ ಕಟ್ಟಾಗಿ ಮೂರು ದಿನ ನೆಟ್ ಇರಲಿಲ್ಲ. ಮೋಟಾರ್ ತನ್ನ ಪಾಡಿಗೆ ಓಡಿತು, ನಿಂತಿತು. ಎದುರಿನ ಬಿಲ್ಡಿಂಗಿನವರು ಬಂದು ನೋಡಿ ನಮಗೂ ಬೇಕು ಅಂದರು. ಯಾಮಲ್ ಫೈಲುಗಳನ್ನು ಪೆನ್‌ಡ್ರೈವಿಗೆ ಹಾಕಿ ಕೊಟ್ಟಿದ್ದೇನೆ. ಅವರ ಟ್ಯಾಂಕ್ ನಮ್ಮದಕ್ಕಿಂತ ಅರ್ಧ ಮೀಟರ್ ಆಳ. ಆ ಸಂಖ್ಯೆ ಬದಲಾಯಿಸಿ, ಈ ಭಾನುವಾರ ಏಣಿ ಹತ್ತುತ್ತಿದ್ದೇವೆ.