ಹಾಸನದ ಆರ್ಡರು, ಚಿಕ್ಕಮಗಳೂರಿನ ಸ್ಟಾಕು: ಎರಡೂ ಲೆಕ್ಕವನ್ನು ಎಪಿಐ ಕನೆಕ್ಟರ್‌ನಿಂದ ಜೋಡಿಸುವುದು ಹೇಗೆ?

ನಮ್ಮಲ್ಲಿ ಮೊದಲು ಹೀಗಿತ್ತು: ಬೆಳಿಗ್ಗೆ ಒಂಬತ್ತೂವರೆಗೆ ಹಾಸನದ ಹೋಲ್‌ಸೇಲ್ ಅಂಗಡಿಯವರು ವಾಟ್ಸಾಪ್‌ನಲ್ಲಿ ಆರ್ಡರ್ ಚೀಟಿಯ ಫೋಟೊ ಕಳಿಸುತ್ತಾರೆ. ನಮ್ಮ ಹುಡುಗ ಅದನ್ನು ನೋಡಿಕೊಂಡು ಟ್ಯಾಲಿ ಅನ್ನುವ ಲೆಕ್ಕದ ಸಾಫ್ಟ್‌ವೇರಿಗೆ ಹೊಡೆಯುತ್ತಾನೆ. ಅಷ್ಟರಲ್ಲಿ ಚಿಕ್ಕಮಗಳೂರಿನ ಕೌಂಟರಿನಲ್ಲಿ ಅದೇ ಕಾಫಿ ಪುಡಿ 20 ಕಿಲೊ ಖರ್ಚಾಗಿರುತ್ತದೆ. ಬೆಳಿಗ್ಗೆ ‘ಇದೆ’ ಅಂದ ಮಾಲು ಮಧ್ಯಾಹ್ನ ‘ಇಲ್ಲ’ ಆಗುತ್ತದೆ. ಕಾಫಿ ಹುರಿದು ಪುಡಿ ಮಾಡುವ ಘಟಕದಲ್ಲಿ ನಾನು ಲೆಕ್ಕ ಮತ್ತು ಕಂಪ್ಯೂಟರ್ ನೋಡಿಕೊಳ್ಳುತ್ತೇನೆ. ಬರೀ 60 ಕಿಲೋಮೀಟರ್ ದೂರದ ಎರಡು ಊರಿನ ಮಧ್ಯೆ ಒಂದು ಅಂಕಿ ಸರಿಯಾಗಿ ತಲುಪದೆ ಎಷ್ಟು ಮನಸ್ತಾಪ ಆಗಿದೆ ಅಂತ ನನಗೆ ಗೊತ್ತು. ಇದನ್ನು ಸರಿ ಮಾಡೋಕೆ ದೊಡ್ಡ ಕಂಪನಿಯೇ ಆಗಬೇಕಿಲ್ಲ. ಕ್ರಮ ಗೊತ್ತಿದ್ದರೆ ಸಾಕು.

ಎಪಿಐ ಅಂದರೆ ಏನು ಅಂತ ಮೊದಲು ನೋಡೋಣ. ಕಾಫಿಯ ಸಿಪ್ಪೆ ತೆಗೆದು ಬೀಜ ಹಸನು ಮಾಡುವ ಕ್ಯೂರಿಂಗ್ ವರ್ಕ್ಸ್ ಆಫೀಸಿನ ಕಿಟಕಿಯನ್ನು ನೆನಪಿಸಿಕೊಳ್ಳಿ. ನೀವು ಚೀಟಿಯಲ್ಲಿ ಲಾಟ್ ನಂಬರ್ ಬರೆದು ಒಳಗೆ ಕೊಡುತ್ತೀರಿ. ಒಳಗಿನವರು ಪುಸ್ತಕ ನೋಡಿ ಔಟ್‌ಟರ್ನ್ (ಸಿಪ್ಪೆ ತೆಗೆದ ಮೇಲೆ ಸಿಕ್ಕ ಬೀಜ) ಎಷ್ಟು ಬಂತು ಅಂತ ಬರೆದು ಕೊಡುತ್ತಾರೆ. ನೀವು ಒಳಗೆ ಹೋಗಿ ಅವರ ಪುಸ್ತಕ ಮುಟ್ಟುವ ಹಾಗಿಲ್ಲ, ಮುಟ್ಟುವ ಅಗತ್ಯವೂ ಇಲ್ಲ. ಒಂದು ಸಾಫ್ಟ್‌ವೇರ್‌ಗೆ ಇರುವ ಆ ಕಿಟಕಿಯೇ ಎಪಿಐ. ಕನೆಕ್ಟರ್ ಅಂದರೆ ಎರಡು ಆಫೀಸಿನ ಫಾರಂ ತುಂಬುವುದನ್ನೂ ಬಲ್ಲ ಗುಮಾಸ್ತ. ಈ ಕಿಟಕಿಯಲ್ಲಿ ತೆಗೆದುಕೊಂಡ ಚೀಟಿಯನ್ನು ಆ ಕಿಟಕಿಗೆ ಬೇಕಾದ ರೀತಿಯಲ್ಲಿ ಬರೆದು ಕೊಡುತ್ತಾನೆ. ಈಗಿನ ಎಪಿಐಗಳಲ್ಲಿ ಈ ಚೀಟಿ ಹೆಚ್ಚಾಗಿ ಜೇಸನ್ ರೂಪದಲ್ಲಿರುತ್ತದೆ. ಅದು ಖಾನೆಯ ಹೆಸರು ಮತ್ತು ಅದರಲ್ಲಿ ತುಂಬಿದ ಅಂಕಿ ಅಥವಾ ಪದವನ್ನು ಜೋಡಿ ಜೋಡಿಯಾಗಿ ಬರೆದ ಸಾದಾ ಪಠ್ಯ, ಅಷ್ಟೇ.

ಈಗ ಕೆಲಸಕ್ಕೆ ಬರೋಣ. ಮೊದಲ ಹೆಜ್ಜೆಗೆ ಕಂಪ್ಯೂಟರೇ ಬೇಡ, ಕಾಗದ ಪೆನ್ನು ಸಾಕು. ಎರಡೂ ಕಡೆಯವರು ಒಟ್ಟಿಗೆ ಕೂತು, ಯಾವ ಅಂಕಿಗೆ ಯಾರು ಯಜಮಾನರು ಅಂತ ಬರೆಯಬೇಕು. ನಮ್ಮಲ್ಲಿ ಸ್ಟಾಕು ಮತ್ತು ದರಕ್ಕೆ ಚಿಕ್ಕಮಗಳೂರು ಯಜಮಾನ, ಆರ್ಡರ್ ಪ್ರಮಾಣ ಮತ್ತು ಡೆಲಿವರಿ ವಿಳಾಸಕ್ಕೆ ಹಾಸನ ಯಜಮಾನ. ಯಜಮಾನರಲ್ಲದವರು ಆ ಅಂಕಿಯನ್ನು ನೋಡಬಹುದು, ತಿದ್ದುವ ಹಾಗಿಲ್ಲ. ಎರಡೂ ಕಡೆ ತಿದ್ದೋಕೆ ಬಿಟ್ಟರೆ ಎತ್ತು ಏರಿಗೆ, ಕೋಣ ನೀರಿಗೆ ಅನ್ನೋ ಹಾಗಾಗುತ್ತದೆ, ಯಾವುದು ಸರಿ ಅಂತ ಆಮೇಲೆ ಯಾರೂ ಹೇಳಲಾರರು.

ಎರಡನೆಯದು ಹೆಸರು ಮತ್ತು ಅಳತೆ. ಇಲ್ಲಿ ಅವಸರ ಮಾಡಬೇಡಿ. ನಾನು ನೋಡಿದ ತಪ್ಪುಗಳಲ್ಲಿ ಜಾಸ್ತಿ ಇಲ್ಲೇ ಹುಟ್ಟಿದವು. ಚಿಕೋರಿ ಬೆರೆಸಿದ ಪುಡಿಯನ್ನು ನಾವು ‘80-20’ ಅಂತ ಬರೆಯುತ್ತೇವೆ, ಹಾಸನದವರ ಸಾಫ್ಟ್‌ವೇರಿನಲ್ಲಿ ಅದೇ ಮಾಲು ‘ಚಿಕೋರಿ 20’ ಅಂತಿತ್ತು. ಮನುಷ್ಯರಿಗೆ ಎರಡೂ ಒಂದೇ ಅಂತ ತಿಳಿಯುತ್ತದೆ, ಯಂತ್ರಕ್ಕೆ ತಿಳಿಯುವುದಿಲ್ಲ. ಅದಕ್ಕೆ ಪ್ರತಿ ಮಾಲಿಗೂ ಒಂದು ಕೋಡ್ ಕೊಟ್ಟು, ಎಡಗಡೆ ನಮ್ಮ ಹೆಸರು, ಬಲಗಡೆ ಅವರ ಹೆಸರು ಬರೆದ ಪಟ್ಟಿ ಮಾಡಿ. ಅಳತೆಯೂ ಹಾಗೇ. ಒಂದು ಕಡೆ 250 ಅಂದರೆ ಗ್ರಾಂ, ಇನ್ನೊಂದು ಕಡೆ ಅದೇ ಖಾನೆಯಲ್ಲಿ ಕಿಲೊ ಇದ್ದರೆ ಕಾಲು ಕಿಲೊ ಪ್ಯಾಕೆಟ್ಟು ಕಾಲು ಟನ್ ಆಗಿ ಕೂರುತ್ತದೆ. ಬೀಜದ ಲೆಕ್ಕದಲ್ಲಿ ಒಬ್ಬರು ಮೂಟೆ ಬರೆಯುತ್ತಾರೆ, ಇನ್ನೊಬ್ಬರು ಕಿಲೊ. 50 ಕಿಲೊದ ಮೂಟೆ ಅಂತ ಗೊತ್ತಿದ್ದರೂ ಪಟ್ಟಿಯಲ್ಲಿ ಬರೆದಿಡಿ. ಕೋಡು, ಜಿಎಸ್‌ಟಿ ನಂಬರು ಇವೆಲ್ಲ ಅಕ್ಷರದ ಖಾನೆಯಲ್ಲೇ ಇರಲಿ, ಇಲ್ಲದಿದ್ದರೆ 007 ಅನ್ನುವ ಕೋಡು ಬರೀ 7 ಆಗಿಬಿಡುತ್ತದೆ. ಇನ್ನು ಸಮಯ. ಎಷ್ಟೋ ಸರ್ವರ್‌ಗಳು ವಿಶ್ವ ಸಮಯದಲ್ಲಿ ದಾಖಲಿಸುತ್ತವೆ, ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ ಇದೆ. ಹಾಗಾಗಿ ಒಂದನೇ ತಾರೀಕು ಬೆಳಿಗ್ಗೆ 5ಕ್ಕೆ ಬಂದ ಆರ್ಡರು ಹಿಂದಿನ ತಿಂಗಳಿನ ಲೆಕ್ಕಕ್ಕೆ ಹೋಗಿ ಸೇರಬಹುದು.

ಮೂರನೆಯದು ಕನೆಕ್ಟರ್ ಆರಿಸುವುದು. ಝೇಪಿಯರ್, ಜೋಹೊ ಫ್ಲೋ, ಎನ್‌ಏಟ್‌ಎನ್ ಇಂಥವು ಕೋಡ್ ಬರೆಯದೆ ಜೋಡಿಸೋಕೆ ಬಿಡುತ್ತವೆ. ಎನ್‌ಏಟ್‌ಎನ್ ಅನ್ನು ನಿಮ್ಮದೇ ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳಬಹುದು. ಟ್ಯಾಲಿ ಇರುವವರು ಒಂದು ವಿಷಯ ಗಮನಿಸಿ. ಟ್ಯಾಲಿ ನಿಮ್ಮ ಆಫೀಸಿನ ಕಂಪ್ಯೂಟರಿನಲ್ಲಿ ಕೂತಿರುತ್ತದೆ. ಸಾಮಾನ್ಯವಾಗಿ 9000 ಅನ್ನುವ ಪೋರ್ಟಿನಲ್ಲಿ (ಕಂಪ್ಯೂಟರಿನ ಒಳಗೆ ಬರುವ ಬಾಗಿಲಿನ ನಂಬರ್) ಎಕ್ಸ್‌ಎಂಎಲ್ (ಜೇಸನ್ ಥರದ್ದೇ ಇನ್ನೊಂದು ಪಠ್ಯ ಬರಹ) ರೂಪದ ಚೀಟಿ ತೆಗೆದುಕೊಳ್ಳುತ್ತದೆ. ಕಂಪ್ಯೂಟರ್ ಆನ್ ಇದ್ದು, ಟ್ಯಾಲಿ ತೆರೆದು, ನಿಮ್ಮ ಕಂಪನಿ ಲೋಡ್ ಆಗಿದ್ದರೆ ಮಾತ್ರ ಉತ್ತರ ಬರುತ್ತದೆ. ಆ ಪೋರ್ಟನ್ನು ನೇರವಾಗಿ ಇಂಟರ್ನೆಟ್ಟಿಗೆ ತೆರೆದಿಡಬೇಡಿ. ಅದೇ ಕಂಪ್ಯೂಟರಿನಲ್ಲಿ ಒಂದು ಸಣ್ಣ ಸೇತುವೆ ಪ್ರೋಗ್ರಾಂ ಹಾಕಿಸಿ, ಅದೇ ಹೊರಗೆ ಹೋಗಿ ಕನೆಕ್ಟರ್‌ನಿಂದ ಚೀಟಿ ತರಲಿ.

ಆಮೇಲೆ ಕೀಲಿ. ಕಿಟಕಿಯ ಹತ್ತಿರ ಬಂದವರು ಯಾರು ಅಂತ ತಿಳಿಯೋಕೆ ಎಪಿಐ ಕೀ (ಗುಟ್ಟಿನ ಅಕ್ಷರಗಳ ಸಾಲು) ಅಥವಾ ಓಆಥ್ (ಪಾಸ್‌ವರ್ಡ್ ಕೊಡದೆಯೇ ಅನುಮತಿ ಕೊಡುವ ಪದ್ಧತಿ) ಬಳಸುತ್ತಾರೆ. ಕೀಯನ್ನು ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ, ಪ್ರತಿ ಪಾಲುದಾರರಿಗೂ ಬೇರೆ ಕೀ ಕೊಡಿ, ಬರೀ ಸ್ಟಾಕು ನೋಡುವವರಿಗೆ ನೋಡುವ ಹಕ್ಕು ಮಾತ್ರ ಕೊಡಿ. ಗ್ರಾಹಕರ ಫೋನ್ ನಂಬರ್ ಕೆಲಸಕ್ಕೆ ಬೇಡವಾದರೆ ಕಳಿಸಲೇಬೇಡಿ. ಜನರ ಖಾಸಗಿ ಮಾಹಿತಿ ಕಾಪಾಡೋಕೆ 2023ರಲ್ಲಿ ಕಾನೂನೇ ಬಂದಿದೆ.

ಸುದ್ದಿ ಹೇಗೆ ಬರಬೇಕು ಅನ್ನುವುದನ್ನೂ ಈಗಲೇ ತೀರ್ಮಾನಿಸಿ. ಒಂದು ದಾರಿ, ನಿಮಿಷ ನಿಮಿಷಕ್ಕೂ ‘ಹೊಸ ಆರ್ಡರ್ ಇದೆಯಾ?’ ಅಂತ ಕೇಳುವುದು. ದಿನಕ್ಕೆ 1,440 ಸಲ, 30 ದಿನಕ್ಕೆ 43,200 ಸಲ ಕೇಳಿದ ಹಾಗಾಯ್ತು. ಕೆಲವು ಸೇವೆಗಳು ಸುಮ್ನೆ ಹೋಗಿ ನೋಡಿ ಬಂದಿದ್ದಕ್ಕೂ ಲೆಕ್ಕ ಹಾಕಿ ದುಡ್ಡು ತೆಗೆದುಕೊಳ್ಳುತ್ತವೆ. ಇನ್ನೊಂದು ದಾರಿ ವೆಬ್‌ಹುಕ್. ಆರ್ಡರ್ ಬಿದ್ದ ತಕ್ಷಣ ಅವರ ಸಾಫ್ಟ್‌ವೇರೇ ನಿಮ್ಮ ವಿಳಾಸಕ್ಕೆ ಸುದ್ದಿ ಮುಟ್ಟಿಸುತ್ತದೆ. ದಿನಕ್ಕೆ 60 ಆರ್ಡರ್ ಇದ್ದರೆ 60 ಸುದ್ದಿ. ವೆಬ್‌ಹುಕ್ ಸಿಗುವುದಾದರೆ ಅದನ್ನೇ ಹಿಡಿಯಿರಿ. ಆದರೆ ಆ ವಿಳಾಸ ಗೊತ್ತಾದವರು ಯಾರು ಬೇಕಾದರೂ ಸುಳ್ಳು ಆರ್ಡರ್ ಕಳಿಸಬಹುದು ಅಲ್ವಾ? ಅದಕ್ಕೆ ಇಬ್ಬರಿಗೆ ಮಾತ್ರ ಗೊತ್ತಿರುವ ಗುಟ್ಟಿನ ಪದದಿಂದ ಪ್ರತಿ ಚೀಟಿಗೂ ಮೊಹರು ಹಾಕುತ್ತಾರೆ. ಮೊಹರು ತಾಳೆಯಾಗದ ಚೀಟಿಯನ್ನು ತೆಗೆದುಕೊಳ್ಳಬೇಡಿ.

ನಮಗಾದ ಒಂದು ನಷ್ಟ ಹೇಳುತ್ತೇನೆ. ಒಬ್ಬ ಗಿರಾಕಿಯ ಕಡೆಯಿಂದ 40 ಕಿಲೊ ಆರ್ಡರ್ ಬಂತು. ನಮ್ಮ ಕಡೆ ಅದು ದಾಖಲಾಯಿತು, ಆದರೆ ‘ಸಿಕ್ಕಿತು’ ಅನ್ನುವ ಉತ್ತರ ವಾಪಸ್ ಹೋಗುವಷ್ಟರಲ್ಲಿ ನೆಟ್ ಹೋಯಿತು. ಅವರ ಕನೆಕ್ಟರ್ ತಲುಪಿಲ್ಲ ಅಂದುಕೊಂಡು ಮತ್ತೆ ಕಳಿಸಿತು. ನಾವು ಎರಡು ಆರ್ಡರ್ ಅಂತ 80 ಕಿಲೊ ಹುರಿದು ಪುಡಿ ಮಾಡಿಬಿಟ್ಟೆವು. ಬೀಜವಾಗಿದ್ದರೆ ಇಟ್ಟುಕೊಳ್ಳಬಹುದಿತ್ತು. ಪುಡಿ ಮಾಡಿದ ಮೇಲೆ ಘಮ ದಿನದಿನಕ್ಕೆ ಇಳಿಯುತ್ತದೆ. ಅವತ್ತಿನಿಂದ ಒಂದು ನಿಯಮ ಮಾಡಿದ್ದೇವೆ: ಪ್ರತಿ ಚೀಟಿಗೂ ಕಳಿಸುವವರು ಒಂದೇ ಒಂದು ಗುರುತಿನ ನಂಬರ್ ಕೊಡಬೇಕು, ಎಷ್ಟು ಸಲ ಕಳಿಸಿದರೂ ನಂಬರ್ ಬದಲಾಗಬಾರದು. ಪಡೆಯುವವರು ‘ಈ ನಂಬರ್ ಆಗಲೇ ಬಂದಿದೆಯಾ’ ಅಂತ ನೋಡಬೇಕು. ಬಂದಿದ್ದರೆ ಹೊಸದಾಗಿ ಬರೆಯದೆ ಹಳೆಯ ಉತ್ತರವನ್ನೇ ಕೊಡಬೇಕು. ಬೇರೆ ಏನು ಬಿಟ್ಟರೂ ಇದನ್ನು ಬಿಡಬೇಡಿ.

ತಪ್ಪು ಬಂದಾಗ ಕಿಟಕಿಯಿಂದ ಒಂದು ನಂಬರ್ ಬರುತ್ತದೆ. 200 ಅಂದರೆ ಸರಿಯಾಯಿತು. 401 ಅಂದರೆ ಕೀಲಿ ಸರಿಯಿಲ್ಲ, ನೂರು ಸಲ ಕಳಿಸಿದರೂ ಅಷ್ಟೇ, ಮನುಷ್ಯರೇ ನೋಡಬೇಕು. 429 ಅಂದರೆ ತುಂಬ ಸಲ ಕೇಳುತ್ತಿದ್ದೀರಿ, ತಡೆಯಿರಿ ಅಂತ. 500 ಮತ್ತು ಅದರ ಮೇಲಿನವು ಆ ಕಡೆಯ ಸರ್ವರ್‌ನ ತೊಂದರೆ. ಈ ಕೊನೆಯ ಎರಡಕ್ಕೆ 1 ನಿಮಿಷ, 2, 4, 8 ಹೀಗೆ ಅಂತರ ಹೆಚ್ಚಿಸುತ್ತಾ ಮತ್ತೆ ಪ್ರಯತ್ನಿಸುವಂತೆ ಹೊಂದಿಸಿ. ನಮ್ಮ ಮಲೆನಾಡಿನ ಕಡೆ ಜುಲೈ ಮಳೆಯಲ್ಲಿ ಕರೆಂಟು ಮತ್ತು ನೆಟ್ ಒಟ್ಟಿಗೇ ಹೋಗುವುದುಂಟು. ಅದಕ್ಕೆ ಚೀಟಿಗಳು ಕಳೆದುಹೋಗದೆ ಸಾಲಾಗಿ ಕಾಯುವ ವ್ಯವಸ್ಥೆ ಇದೆಯಾ ಅಂತ ಮೊದಲೇ ಕೇಳಿಕೊಳ್ಳಿ. ಕೊನೆಯ ಪ್ರಯತ್ನವೂ ಸೋತರೆ ಒಬ್ಬರ ಫೋನಿಗೆ ಮೆಸೇಜ್ ಬರಲೇಬೇಕು.

ಬಿಲ್ಲಿನ ಜೋಡಣೆಯನ್ನು ಕೊನೆಗೆ ಇಟ್ಟುಕೊಳ್ಳಿ. ವರ್ಷದ ವಹಿವಾಟು 5 ಕೋಟಿ ದಾಟಿದವರಿಗೆ, ವ್ಯಾಪಾರಿಯಿಂದ ವ್ಯಾಪಾರಿಗೆ ಹೋಗುವ ಬಿಲ್ಲಿಗೆ 2023ರ ಆಗಸ್ಟ್ 1ರಿಂದ ಸರ್ಕಾರದ ಪೋರ್ಟಲ್‌ನಲ್ಲಿ ದಾಖಲಿಸುವ ಇ-ಇನ್‌ವಾಯ್ಸ್ ಕಡ್ಡಾಯ. ಅದರ 64 ಅಕ್ಷರದ ಗುರುತಿನ ಸಂಖ್ಯೆಯಾದ ಐಆರ್‌ಎನ್ ಬಂದ ಮೇಲೆಯೇ ಗಿರಾಕಿಗೆ ಬಿಲ್ ಕಳಿಸುವಂತೆ ಕ್ರಮ ಇಡಿ. ತಪ್ಪಾಗಿ ಹೋದದ್ದನ್ನು ಪೋರ್ಟಲ್‌ನಲ್ಲಿ ರದ್ದು ಮಾಡೋಕೆ 24 ಗಂಟೆ ಮಾತ್ರ ಸಮಯ ಇರುತ್ತದೆ.

ಎಲ್ಲ ಜೋಡಿಸಿ ಆದಮೇಲೆ ಪರೀಕ್ಷೆಗೆಂದು ಕೊಡುವ ಬೇರೆ ಖಾತೆಯಲ್ಲಿ ಓಡಿಸಿ ನೋಡಿ. ಬೇಕಂತಲೇ ತಪ್ಪು ಕೋಡ್ ಕಳಿಸಿ, ಒಂದೇ ಚೀಟಿಯನ್ನು ಎರಡು ಸಲ ಕಳಿಸಿ, ಮಧ್ಯೆ ನೆಟ್ ತೆಗೆಯಿರಿ. ನಂತರ 15 ದಿನ ಹಳೆಯ ಪದ್ಧತಿ, ಹೊಸದು ಎರಡೂ ಜೊತೆಗೆ ನಡೆಯಲಿ. ಒಂದೇ ಗಿರಾಕಿ, ಒಂದೇ ಅಂಕಿಯಿಂದ ಶುರು ಮಾಡಿ. ನಾವು ಸ್ಟಾಕಿನಿಂದ ಶುರು ಮಾಡಿದೆವು, ದರ ಮತ್ತು ಬಿಲ್ ತಿಂಗಳುಗಳ ನಂತರ ಸೇರಿದವು. ಈಗಲೂ ರಾತ್ರಿ 9ಕ್ಕೆ ಎರಡೂ ಕಡೆಯ ಆ ದಿನದ ಆರ್ಡರ್ ಸಂಖ್ಯೆ ಮತ್ತು ಒಟ್ಟು ಕಿಲೊ ತಾಳೆಯಾಗುತ್ತದೆಯಾ ಅಂತ ತಾನಾಗೇ ಒಂದು ಪಟ್ಟಿ ಬರುತ್ತದೆ. ವ್ಯತ್ಯಾಸ ಇದ್ದರೆ ಹಾಸನದವರಿಗೆ ಅಂದೇ ರಾತ್ರಿ ಫೋನ್ ಮಾಡುತ್ತೇನೆ, ಬೆಳಿಗ್ಗೆ ಗಾಡಿ ಹೊರಡುವ ಮೊದಲು ಸರಿ ಮಾಡಿಕೊಳ್ಳುತ್ತೇವೆ.