ಮುಖಪುಟ ಓಕೆ ಮಾಡುವ ಮುನ್ನ ಫೋನಿನಲ್ಲಿ ಒಮ್ಮೆ ನೋಡಿ
ಸ್ವಂತ ಖರ್ಚಿನಲ್ಲಿ ಪುಸ್ತಕ ತರುತ್ತಿದ್ದೀರಾ? ಮುಖಪುಟವನ್ನು ಫೋನಿನಲ್ಲಿ ಹೆಬ್ಬೆರಳಿನ ಉಗುರಿನಷ್ಟು ಚಿಕ್ಕದು ಮಾಡಿ ನೋಡಿ. ಹೆಸರು ಓದಲು ಆಗದಿದ್ದರೆ ಅಕ್ಷರ ದಪ್ಪ ಮಾಡಿಸಿ. ಆನ್‌ಲೈನ್‌ನಲ್ಲಿ ಕೊಳ್ಳುವವರು ನೋಡುವುದು ಅಷ್ಟೇ ಗಾತ್ರದಲ್ಲಿ ಅಲ್ವಾ?

ನಾನು ಚಿತ್ರದುರ್ಗದ ಕೋಟೆಯ ಫೋಟೋ ಮೇಲೆ ಹೆಸರು ಹಾಕಿಸಿದ್ದೆ. ಬಂಡೆಗಳ ಗೆರೆ, ನೆರಳಿನಲ್ಲಿ ಅಕ್ಷರ ಕಳೆದೇ ಹೋಗಿದ್ದವು. ಮೇಲಿನ ಖಾಲಿ ಆಕಾಶಕ್ಕೆ ತಂದ ಮೇಲೆ ಎದ್ದು ಕಂಡವು.

ಕನ್ನಡದಲ್ಲಿ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಹೆಸರು ಎರಡು ಸಾಲಿದ್ದರೆ ನಡುವೆ ಜಾಗ ಜಾಸ್ತಿ ಬಿಡಿಸಿ. ಸುಮ್ನೆ ಮೂರ್ನಾಲ್ಕು ಫಾಂಟ್ ಬೇಡ, ಎರಡು ಸಾಕು.

ಪ್ರೆಸ್ಸಿಗೆ ಕೊಡುವ ಫೈಲು 300 ಡಿಪಿಐ (ಇಂಚಿಗೆ 300 ಚುಕ್ಕಿ), ಸಿಎಂವೈಕೆ (ಮುದ್ರಣದ ನಾಲ್ಕು ಬಣ್ಣಗಳ ಕ್ರಮ) ಇರಲಿ, ಸುತ್ತ 3 ಮಿ.ಮೀ. ಬ್ಲೀಡ್, ಅಂದರೆ ಅಂಚು ಕತ್ತರಿಸುವಾಗ ಹೋಗುವ ಹೆಚ್ಚುವರಿ ಚಿತ್ರ, ಇರಲಿ. ಪುಸ್ತಕದ ಬೆನ್ನಿನ (ಪುಟಗಳನ್ನು ಸೇರಿಸಿ ಕಟ್ಟಿದ ಬದಿಯ) ಅಗಲವನ್ನು ಮಾತ್ರ ಪುಟಗಳು, ಕಾಗದ ಎರಡೂ ಪಕ್ಕಾ ಆದ ಮೇಲೆ ಪ್ರೆಸ್ಸಿನವರನ್ನೇ ಕೇಳಿ.